ಉಪ್ಪಿಲ್ಲದ ಒಣಮೀನಿನ ದ್ವೀಪಗಳಲ್ಲಿ ಅಪ್ಪನ ಜೊತೆ ಏಳು ದಿನ

ಜೂನ್ ಕೊನೆಯ ವಾರ ಮೊದಲ ಸಲ ನಾರ್ವೆಯ ಉತ್ತರದ ಲೋಫೋಟೆನ್ ದ್ವೀಪಗಳಿಗೆ ಹೋದಾಗ ದಾರಿಯುದ್ದಕ್ಕೂ ಮರದ ದೊಡ್ಡ ದೊಡ್ಡ ಚಪ್ಪರಗಳು ಕಂಡವು. ಉದ್ದ ಗಳುಗಳನ್ನು ಸಾಲಾಗಿ ಕಟ್ಟಿ ನಿಲ್ಲಿಸಿದ್ದರು. ಕೆಲವಕ್ಕೆ ಮನೆಯ ಮಾಡಿನ ಹಾಗೆ ಇಳಿಜಾರು, ಕೆಲವು ಚಪ್ಪಟೆ. ಎಲ್ಲವೂ ಖಾಲಿ. ಮೀನು ಒಣಗಿಸುವ ಚಪ್ಪರ ಅಂತ ಗೊತ್ತಾಯಿತು. ಒಂದು ಫೋಟೊ ತೆಗೆದು ಊರಿಗೆ ಅಪ್ಪನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು.

"ಮೀನೆಲ್ಲಿ ಮಗಾ?"

ಅಪ್ಪ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ 35 ವರ್ಷ ಒಣಮೀನಿನ ವ್ಯಾಪಾರ ಮಾಡಿದವನು. ಬಂಗಡೆ, ತಾರ್ಲೆ, ಸಿಗಡಿ ಎಲ್ಲ ಮರಳ ಮೇಲೆ ಹರವಿ, ಉಪ್ಪು ಹಾಕಿ, ಮಳೆ ಬರುವ ಮುಂಚೆ ಗೋಣಿಗೆ ತುಂಬುವ ಕೆಲಸ. ನಾನು ಬೆಳೆದದ್ದೇ ಆ ವಾಸನೆಯಲ್ಲಿ. ಈಗ ಆರು ವರ್ಷದಿಂದ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿದ್ದೇನೆ. ಅಪ್ಪನ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೆ ದಿನ ರೈನೆ ಎಂಬ ಊರಿನ ದಕ್ಕೆಯಲ್ಲಿ ಒಬ್ಬರನ್ನು ಕೇಳಿದೆ. "ಮೀನು ನೋಡಬೇಕಾದರೆ ಮಾರ್ಚ್‌ನಲ್ಲಿ ಬಾ" ಅಂದರು.

ಎರಡು ವರ್ಷ ಬಿಟ್ಟು ಮಾರ್ಚ್‌ನಲ್ಲಿ ಹೋದೆ. ಜೊತೆಗೆ ಅಪ್ಪ.

ಯಾವ ತಿಂಗಳಲ್ಲಿ ಹೋಗಬೇಕು?

ಊರಿನ ಸ್ನೇಹಿತರು, ಬೆಂಗಳೂರಿನ ನೆಂಟರು ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು ಅಲ್ಲಿಗೆ ಮೂರು ಬೇರೆ ಬೇರೆ ಕಾಲದಲ್ಲಿ ಹೋಗಿದ್ದೇನೆ. ಮೂರು ಸಲವೂ ಬೇರೆಯೇ ಊರಿಗೆ ಹೋದ ಹಾಗಿತ್ತು.

ಲೋಫೋಟೆನ್ ಆರ್ಕ್‌ಟಿಕ್ ವೃತ್ತದಿಂದಲೂ ಮೇಲೆ, 68 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಜೂನ್‌ನಲ್ಲಿ ಬೆಟ್ಟ ಹತ್ತಬಹುದು, ಡೇರೆ ಹಾಕಬಹುದು, ರಾತ್ರಿ ಹನ್ನೆರಡಕ್ಕೆ ಬೀಚಿನಲ್ಲಿ ಕೂತು ಪುಸ್ತಕ ಓದಬಹುದು. ರೈನೆಬ್ರಿಂಗೆನ್ ಅಂತ 448 ಮೀಟರ್ ಎತ್ತರದ ಒಂದು ಬೆಟ್ಟವಿದೆ. ನೇಪಾಳದ ಶೆರ್ಪಾಗಳು ಬಂದು ಅದಕ್ಕೆ ಎರಡು ಸಾವಿರದಷ್ಟು ಕಲ್ಲಿನ ಮೆಟ್ಟಿಲು ಕಟ್ಟಿದ್ದಾರೆ. ಮೇಲಿಂದ ಕಾಣುವ ನೋಟವನ್ನು ಮರೆಯಲು ಆಗುವುದಿಲ್ಲ. ಆದರೆ ಜನ ಜಾಸ್ತಿ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಕೋಣೆ ಬಾಡಿಗೆ ಕೈ ಸುಡುತ್ತದೆ.

ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೋಗಿದ್ದೆ. ಬರ್ಚ್ ಮರಗಳು ಹಳದಿ, ನೆಲ ಕೆಂಪು. ರಾತ್ರಿ ಕತ್ತಲಾಗುವುದರಿಂದ ಧ್ರುವಪ್ರಭೆ, ಅಂದರೆ ಆಕಾಶದಲ್ಲಿ ಆಡುವ ಬಣ್ಣದ ಬೆಳಕೂ ಶುರುವಾಗಿರುತ್ತದೆ. ಬೆಟ್ಟದ ದಾರಿಗಳಿಗೆ ಇನ್ನೂ ಹಿಮ ಬಂದಿರುವುದಿಲ್ಲ. ಮಳೆ ಮಾತ್ರ ನಮ್ಮ ಜುಲೈ ತಿಂಗಳ ಹಾಗೆ, ಯಾವಾಗ ಬರುತ್ತದೆ ಯಾವಾಗ ನಿಲ್ಲುತ್ತದೆ ಗೊತ್ತಾಗುವುದಿಲ್ಲ. ನಡೆದು ಸುತ್ತುವ ಆಸೆ ಇದ್ದವರಿಗೆ ನಾನು ಹೇಳುವುದು ಇದೇ ತಿಂಗಳು.

ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಸೂರ್ಯ ಬರುವುದೇ ಇಲ್ಲ. ನಡುಮಧ್ಯಾಹ್ನ ಕೆಲವು ಗಂಟೆ ನೀಲಿ ಬೆಳಕು, ಅಷ್ಟೆ. ಹಿಮದ ಮೇಲೆ ಕಾರು ಓಡಿಸಿ ಅಭ್ಯಾಸವಿಲ್ಲದವರು ಮೊದಲ ಸಲಕ್ಕೆ ಆ ಕಾಲ ಆರಿಸಿಕೊಳ್ಳಬೇಡಿ.

ಮಾರ್ಚ್‌ನಲ್ಲಿ ಬೆಟ್ಟದ ಮೇಲೆ ಹಿಮವಿದೆ, ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ರಾತ್ರಿ ಆಕಾಶದಲ್ಲಿ ಬೆಳಕಿನ ಆಟವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಊರಿಗೆ ಊರೇ ಕೆಲಸದಲ್ಲಿ ಮುಳುಗಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಬಾರೆಂಟ್ಸ್ ಸಮುದ್ರದಿಂದ ಕಾಡ್ ಮೀನು ಮೊಟ್ಟೆ ಇಡಲು ಇಲ್ಲಿಗೆ ಈಜಿಕೊಂಡು ಬರುತ್ತದೆ. ಅದಕ್ಕೆ ಇಲ್ಲಿಯವರು ಸ್ಕ್ರೈ ಅನ್ನುತ್ತಾರೆ, ಅಲೆದಾಡುವವನು ಎಂಬ ಅರ್ಥದ ಹಳೆಯ ಮಾತಿನಿಂದ ಬಂದ ಹೆಸರು. ಬೇರೆ ತಿಂಗಳಲ್ಲಿ ಹೋದರೆ ದ್ವೀಪ ಕಾಣುತ್ತದೆ. ದ್ವೀಪ ಹೇಗೆ ಬದುಕುತ್ತದೆ ಅನ್ನುವುದು ಕಾಣುವುದು ಮಾರ್ಚ್‌ನಲ್ಲಿ.

ಅಪ್ಪನ ಷೆಂಗೆನ್ ವೀಸಾ ಕೆಲಸ ಮೂರು ತಿಂಗಳ ಮೊದಲೇ ಶುರು ಮಾಡಿದೆವು. ಪ್ರವಾಸದ ವಿಮೆ ಕಡ್ಡಾಯ. ಅವನಿಗೆ 68 ವರ್ಷ, ಬಿಪಿ ಮಾತ್ರೆ ಇದೆ. ಡಾಕ್ಟರ ಚೀಟಿಯನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಾ ಅಂದಿದ್ದೆ. ಹಾಲಿನ ಪದಾರ್ಥ ತರುವಂತಿಲ್ಲ ಅಂತ ಹೇಳಿ ತುಪ್ಪದ ಡಬ್ಬ ಬಿಡಿಸಿದೆ. ಬ್ಯಾಡಗಿ ಮೆಣಸು, ಮುರುಗಲು ಸಿಪ್ಪೆ, ಜುಮ್ಮನಕಾಯಿ ತಂದ. ಉಣ್ಣೆಯ ಒಳ ಅಂಗಿ, ಗಾಳಿ ತಡೆಯುವ ಜಾಕೆಟ್ ಇಲ್ಲೇ ಕೊಂಡೆವು. ಬೂಟಿನ ಕೆಳಗೆ ಸಿಕ್ಕಿಸುವ ಮೊಳೆಪಟ್ಟಿ ಅಂತೂ ಮರೆಯಲೇಬಾರದು. ಹಿಮ ಕರಗಿ ಮತ್ತೆ ಗಟ್ಟಿಯಾದ ನೆಲ ಗಾಜಿನ ಹಾಗಿರುತ್ತದೆ. ವಯಸ್ಸಾದವರು ಬಿದ್ದರೆ ಕಷ್ಟ ಅಲ್ವಾ?

ಮೊದಲ ದಿನ: ಬೋಡೋ

ಟ್ರಾಂಡ್‌ಹೈಮ್‌ನಿಂದ, ದ್ವೀಪಕ್ಕೆ ಫೆರಿ ಹೊರಡುವ ಬೋಡೋಗೆ 729 ಕಿಲೋಮೀಟರ್ ರೈಲು ದಾರಿ. ರಾತ್ರಿ ಹೊರಟೆವು. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ. ಬೆಳಿಗ್ಗೆ ಸಾಲ್ಟ್‌ಫ್ಯೆಲ್ ಎಂಬ ಬೋಳು ಬೆಟ್ಟದ ಮೇಲೆ ಆರ್ಕ್‌ಟಿಕ್ ವೃತ್ತ ದಾಟುವಾಗ ಅಪ್ಪನನ್ನು ಎಬ್ಬಿಸಿದೆ. ಹಳಿಯ ಪಕ್ಕ ಗುರುತಿಗೆ ಕಲ್ಲು ಪೇರಿಸಿದ್ದಾರೆ. ಉಳಿದದ್ದೆಲ್ಲ ಬಿಳಿ. ಅಪ್ಪ ಕಿಟಕಿಗೆ ಅಂಗೈ ಒತ್ತಿ ಹಿಡಿದು ಬಹಳ ಹೊತ್ತು ನೋಡಿದ.

ಬೋಡೋದಲ್ಲಿ ಇಳಿದು ಬಾಡಿಗೆ ಕಾರು ತೆಗೆದುಕೊಳ್ಳುವ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು. ಗಾಳಿ ಜೋರು, ಮಧ್ಯಾಹ್ನದ ಫೆರಿ ರದ್ದು. ಚಳಿಗಾಲದಲ್ಲಿ ಇದು ಮಾಮೂಲು. ದ್ವೀಪದಲ್ಲಿ ಕಾದಿರಿಸಿದ್ದ ಕೋಣೆಯ ಒಂದು ರಾತ್ರಿಯ ಹಣ ವಾಪಸ್ ಸಿಗಲಿಲ್ಲ. ಬೋಡೋದಲ್ಲಿ ಇನ್ನೊಂದು ಕೋಣೆಗೆ ಕೊಡಬೇಕಾಯಿತು. ಅಲ್ಲಿಯ ಒಂದು ಕ್ರೋನರ್ ಅಂದರೆ ಆಗ 8 ರೂಪಾಯಿ ಆಸುಪಾಸು, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಚಳಿಗಾಲದಲ್ಲಿ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕೋಣೆ ಕಾಯ್ದಿರಿಸುವಾಗ ಕೊನೆ ಗಳಿಗೆಯಲ್ಲಿ ಬಿಟ್ಟರೂ ಹಣ ಕೊಡುವ ಜಾಗವನ್ನೇ ಹುಡುಕಿ.

ಮಧ್ಯಾಹ್ನ ಸುಮ್ನೆ ಕೂರುವುದು ಬೇಡ ಅಂತ 30 ಕಿಲೋಮೀಟರ್ ಆಚೆಯ ಸಾಲ್ಟ್‌ಸ್ಟ್ರೌಮೆನ್‌ಗೆ ಹೋದೆವು. ಎರಡು ಫ್ಯೋರ್ಡ್‌ಗಳ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲ ತೋಳುಗಳ ನಡುವಿನ ಕಿರಿದಾದ ಕಂಡಿ ಅದು. ಉಬ್ಬರ ಇಳಿತದ ನೀರೆಲ್ಲ ಅದರಲ್ಲೇ ನುಗ್ಗಬೇಕು. ಆರು ಗಂಟೆಗೊಮ್ಮೆ ದಿಕ್ಕು ಬದಲಾಗುತ್ತದೆ. ಪ್ರಪಂಚದ ಅತಿ ಜೋರಿನ ಉಬ್ಬರದ ಸೆಳೆತಗಳಲ್ಲಿ ಇದೂ ಒಂದು. ಕಡಲ ನೀರು ನದಿಯ ಹಾಗೆ ಹರಿಯುತ್ತದೆ, ನಡುನಡುವೆ ದೊಡ್ಡ ಸುಳಿಗಳು ತೆರೆದುಕೊಂಡು ಮುಚ್ಚಿಕೊಳ್ಳುತ್ತವೆ. ಸುತ್ತಲೂ ಹಕ್ಕಿಗಳ ಗದ್ದಲ.

ಅಪ್ಪ ದಡದ ಬಂಡೆ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಿದ್ದ. ಶರಾವತಿ ಅಳಿವೆಯಲ್ಲಿ ಮಳೆಗಾಲದ ಮುಂಚೆ ದೋಣಿ ತರುವುದು ಎಷ್ಟು ಕಷ್ಟ ಅಂತ ಅವನಿಗೆ ಗೊತ್ತು. "ಇಲ್ಲಿ ದೋಣಿ ದಾಟಿಸುವವನಿಗೆ ಗಡಿಯಾರ ಬೇಕೇ ಬೇಕು" ಅಂದ. ಹೌದು, ದಿಕ್ಕು ಬದಲಾಗುವಾಗ ಸ್ವಲ್ಪ ಹೊತ್ತು ಮಾತ್ರ ನೀರು ಸುಮ್ಮನಿರುತ್ತದಂತೆ. ಆ ಹೊತ್ತು ನೋಡಿಯೇ ದಾಟಬೇಕು.

ಎರಡನೇ ದಿನ: ಕಡಲ ನಡುವೆ ಗೋಡೆ

ಬೆಳಿಗ್ಗೆ ಫೆರಿ ಹೊರಟಿತು. ಬೋಡೋದಿಂದ ಮೋಸ್ಕೆನೆಸ್‌ಗೆ ಮೂರೂವರೆ ಗಂಟೆ ಹತ್ತಿರ. ನಡುವೆ ವೆಸ್ಟ್‌ಫ್ಯೋರ್ಡ್ ಎಂಬ ಅಗಲವಾದ ಕಡಲು. ಹಿಂದಿನ ದಿನದ ತೆರೆ ಇನ್ನೂ ಇಳಿದಿರಲಿಲ್ಲ. ನಾನು ಹೊಟ್ಟೆ ತೊಳಸಿ ಬೆಂಚಿನ ಮೇಲೆ ಮಲಗಿದೆ. ಅಪ್ಪ ಕಿಟಕಿ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದ.

ಎರಡು ಗಂಟೆ ಆದ ಮೇಲೆ ಅವನೇ ಬಂದು ಎಬ್ಬಿಸಿದ. "ಬಾ, ನೋಡು."

ಕಡಲಿನ ಆಚೆ ಒಂದು ಗೋಡೆ ನಿಂತಿತ್ತು. ಈ ತುದಿಯಿಂದ ಆ ತುದಿಯವರೆಗೆ ಹಲ್ಲು ಹಲ್ಲಾದ ಬೆಟ್ಟ, ಒಂದಕ್ಕೊಂದು ಅಂಟಿಕೊಂಡು, ಮೈಯೆಲ್ಲ ಹಿಮ. ದೂರದಿಂದ ಒಂದೇ ಗೋಡೆ ಅನ್ನಿಸುತ್ತದೆ. ಇಲ್ಲಿಯವರೂ ಅದನ್ನು ಲೋಫೋಟೆನ್ ಗೋಡೆ ಎಂದೇ ಕರೆಯುತ್ತಾರೆ. ಹತ್ತಿರ ಹೋದ ಹಾಗೆ ಗೋಡೆ ಬಿಡಿಸಿಕೊಂಡು ಬೇರೆ ಬೇರೆ ಬೆಟ್ಟ ಆಗುತ್ತದೆ, ಬೆಟ್ಟದ ಕಾಲ ಬಳಿ ಕೆಂಪು ಮನೆಗಳ ಚುಕ್ಕೆಗಳು ಕಾಣುತ್ತವೆ. ಇದಕ್ಕೋಸ್ಕರವಾದರೂ ವಿಮಾನ ಬಿಟ್ಟು ಫೆರಿಯಲ್ಲಿ ಹೋಗಬೇಕು. ಲೆಕ್ನೆಸ್‌ಗೂ ಸ್ವೋಲ್ವಾರ್‌ಗೂ ಸಣ್ಣ ವಿಮಾನ ಇವೆ, ಸಮಯ ಇಲ್ಲದವರಿಗೆ ಅದೇ ಸರಿ.

ಇಷ್ಟು ಉತ್ತರದಲ್ಲಿದ್ದರೂ ಇಲ್ಲಿ ಕಡಲು ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬಿಸಿ ನೀರಿನ ಪ್ರವಾಹ ಈ ದಡ ಸವರಿಕೊಂಡು ಹೋಗುತ್ತದೆ. ನಡು ಚಳಿಗಾಲದಲ್ಲೂ ಸರಾಸರಿ ತಾಪ ಸೊನ್ನೆಯ ಆಸುಪಾಸು. ನಾವಿದ್ದಾಗ ಮೈನಸ್ ಮೂರರಿಂದ ಪ್ಲಸ್ ಎರಡು ಇತ್ತು. ಕೊರೆಯುವುದು ಚಳಿಯಲ್ಲ, ಗಾಳಿ.

ಹಾಮ್ನೋಯ್‌ನಲ್ಲಿ ಒಂದು ರೋರ್‌ಬು ಹಿಡಿದಿದ್ದೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆ. ಹಿಂದೆಲ್ಲ ಮೀನಿನ ಕಾಲದಲ್ಲಿ ದೂರದೂರದಿಂದ ಹುಟ್ಟು ಹಾಕಿಕೊಂಡು ಬಂದವರು ಇಳಿದುಕೊಳ್ಳುತ್ತಿದ್ದ ಬಿಡಾರ ಇದು. ರೋ ಅಂದರೆ ಹುಟ್ಟು ಹಾಕುವುದು, ಬು ಅಂದರೆ ಬಿಡಾರ. 1120ರ ಸುಮಾರಿಗೆ ಓಯ್‌ಸ್ಟೈನ್ ಎಂಬ ರಾಜ ಕಾಬೆಲ್ವೋಗ್ ಹತ್ತಿರ ಮೊದಲು ಇಂಥ ಬಿಡಾರ ಕಟ್ಟಿಸಿದ ಅಂತ ಹೇಳುತ್ತಾರೆ. ಈಗ ಒಳಗೆ ಹೀಟರ್, ಒಲೆ, ಬಿಸಿನೀರು ಎಲ್ಲ ಇದೆ. ನೆಲದ ಹಲಗೆಯ ಕೆಳಗೆ ರಾತ್ರಿಯಿಡೀ ನೀರು ತಟ್ಟುತ್ತಿತ್ತು. ಅಪ್ಪ ಚೆನ್ನಾಗಿ ನಿದ್ದೆ ಮಾಡಿದ.

ಮೂರನೇ ದಿನ: ಓ ಎಂಬ ಊರು

ಇ-10 ಹೆದ್ದಾರಿ ಮುಗಿಯುವ ಊರಿನ ಹೆಸರು ಒಂದೇ ಅಕ್ಷರ. ಅದನ್ನು ಓ ಅಂತ ಓದಬೇಕು. ನಾರ್ವೇಜಿಯನ್ ಅಕ್ಷರಮಾಲೆಯ ಕೊನೆಯ ಅಕ್ಷರವೂ ಅದೇ.

ಆದರೆ ಓ ತಲುಪಲು ನಮಗೆ ಅರ್ಧ ದಿನ ಬೇಕಾಯಿತು. ದಾರಿಯಲ್ಲಿ ಮೊದಲ ಚಪ್ಪರ ಕಂಡ ಕೂಡಲೇ ಅಪ್ಪ "ನಿಲ್ಲಿಸು, ನಿಲ್ಲಿಸು" ಅಂದ. ಜೂನ್‌ನಲ್ಲಿ ಖಾಲಿ ಕಂಡ ಅದೇ ಚಪ್ಪರ. ಈಗ ತುದಿಯಿಂದ ತುದಿಯವರೆಗೆ ಮೀನು. ಸಾವಿರಾರು ಮೀನು. ತಲೆ ತೆಗೆದು, ಹೊಟ್ಟೆ ಬಗೆದು, ಎರಡೆರಡು ಮೀನಿನ ಬಾಲ ಸೇರಿಸಿ ದಾರದಿಂದ ಕಟ್ಟಿ ಗಳುವಿನ ಮೇಲೆ ಜೋತುಬಿಟ್ಟಿದ್ದಾರೆ. ಗಾಳಿ ಬಂದಾಗ ಒಂದಕ್ಕೊಂದು ಬಡಿದು ಟಕಟಕ ಸದ್ದು. ಮೊದಲು ತೂಗುಹಾಕಿದವು ಆಗಲೇ ಗಟ್ಟಿಯಾಗಿದ್ದವು, ಹೊಸವು ಇನ್ನೂ ಮೆತ್ತಗೆ, ನೀರು ತೊಟ್ಟಿಕ್ಕುತ್ತಿತ್ತು.

ಪಕ್ಕದ ಚಪ್ಪರದಲ್ಲಿ ಮೂವರು ಕೆಲಸ ಮಾಡುತ್ತಿದ್ದರು. ಒಬ್ಬರು ಟ್ರಾಕ್ಟರಿನಿಂದ ಜೋಡಿ ಎತ್ತಿಕೊಡುವುದು, ಇಬ್ಬರು ಮೇಲೆ ಹತ್ತಿ ತೂಗುಹಾಕುವುದು. ನಾನು ಕೇಳಿಕೊಂಡು ಹತ್ತಿರ ಹೋದೆ. ಅಪ್ಪ ಊರಲ್ಲಿ ಒಣಮೀನಿನ ವ್ಯಾಪಾರ ಮಾಡಿದವರು ಅಂದಾಗ ಅವರಲ್ಲಿ ಹಿರಿಯರೊಬ್ಬರು ಕೆಳಗೆ ಇಳಿದು ಬಂದು ಕೈಗವಸು ತೆಗೆದು ಕೈ ಕುಲುಕಿದರು.

"ಉಪ್ಪು ಎಲ್ಲಿ ಹಾಕ್ತ್ರು ಕೇಳು" ಅಂದ ಅಪ್ಪ.

ಹಾಕುವುದಿಲ್ಲ ಅಂದರು. ಒಂದು ಹರಳೂ ಇಲ್ಲ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಎರಡು ಸಲ ಕೇಳಿಸಿದ. ಆಮೇಲೆ ಸುತ್ತ ನೋಡಿ, "ನೊಣ ಇಲ್ಲ" ಅಂದ.

ಅದೇ ಗುಟ್ಟು. ನಮ್ಮ ಕಡೆ ಬಿಸಿಲಿಗೆ ಮೀನು ಬೇಗ ಹಾಳಾಗುತ್ತದೆ, ನೊಣ ಕೂರುತ್ತದೆ, ಅದಕ್ಕೆ ಉಪ್ಪು. ಇಲ್ಲಿ ಆ ಕೆಲಸವನ್ನು ಚಳಿ ಮಾಡುತ್ತದೆ. ಗಾಳಿ ನೀರನ್ನು ಎಳೆದುಕೊಳ್ಳುತ್ತದೆ. ತಾಪ ಸೊನ್ನೆಯ ಸುತ್ತಮುತ್ತ ಇರುವುದೇ ಇದಕ್ಕೆ ಬೇಕಾದದ್ದು. ತೀರಾ ಚಳಿಯಾದರೆ ಮೀನು ಹೆಪ್ಪುಗಟ್ಟಿ ಒಳಗಿನ ಎಳೆ ಹರಿಯುತ್ತದೆ. ಬಿಸಿಲೇರಿದರೆ ಹುಳ ಬೀಳುತ್ತದೆ. ಫೆಬ್ರವರಿಯಿಂದ ಮೇವರೆಗೆ ಹೊರಗೆ ತೂಗಿ, ಆಮೇಲೆ ಒಳಗೆ ಉಗ್ರಾಣದಲ್ಲಿ ಇನ್ನೂ ಕೆಲವು ತಿಂಗಳು ಇಡುತ್ತಾರೆ. ಐದು ಕಿಲೋ ಹಸಿ ಮೀನು ಒಣಗಿ ಒಂದು ಕಿಲೋ ಹತ್ತಿರ ಆಗುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದಿನ ಕಡಲಯೋಧರಾದ ವೈಕಿಂಗರ ಕಾಲದಿಂದಲೂ ಈ ದೇಶ ಹೊರಗೆ ಮಾರಿದ ಸರಕು ಇದು.

ಅವರು ನಮ್ಮನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದರು. ಹಿಂದಿನ ವರ್ಷದ್ದು ಸ್ವಲ್ಪ ಉಳಿದಿತ್ತು. ಒಂದು ಮೀನು ಅಪ್ಪನ ಕೈಗೆ ಕೊಟ್ಟರು. ಮರದ ತುಂಡಿನಷ್ಟು ಗಟ್ಟಿ, ತಿಳಿ ಹಳದಿ ಬಣ್ಣ. ಅಪ್ಪ ಅದನ್ನು ಬೆಳಕಿಗೆ ಹಿಡಿದ. ಬೆನ್ನ ಮೇಲೆ ಹೆಬ್ಬೆರಳು ಒತ್ತಿದ. ತಿರುಗಿಸಿ, ಕುತ್ತಿಗೆಯ ಜಾಗಕ್ಕೆ ಮೂಗು ತಾಗಿಸಿ ಎರಡು ಸಲ ವಾಸನೆ ತೆಗೆದ. ಬಂಗಡೆಯನ್ನೂ ಅವನು ಹೀಗೇ ನೋಡುತ್ತಿದ್ದ. ತೇವ ಉಳಿಯುವುದೇ ಆ ದಪ್ಪ ಜಾಗದಲ್ಲಿ.

ಆ ಹಿರಿಯರು ನಗುತ್ತಾ ನನ್ನ ಕಡೆ ತಿರುಗಿದರು. ಅವರಲ್ಲೂ ಮೀನು ವಿಂಗಡಿಸಲು ಬೇರೆಯೇ ಪರಿಣತರು ಇದ್ದಾರೆ. ಅವರಿಗೆ ವ್ರಾಕರ್ ಅನ್ನುತ್ತಾರೆ. ಪ್ರತಿ ಮೀನನ್ನೂ ಕೈಯಲ್ಲಿ ಹಿಡಿದು ಉದ್ದ, ದಪ್ಪ, ಬಣ್ಣ, ವಾಸನೆ ನೋಡಿ ಇಪ್ಪತ್ತರಷ್ಟು ದರ್ಜೆ ಮಾಡುತ್ತಾರೆ. "ಅವರೂ ಮೊದಲು ಕುತ್ತಿಗೆಯನ್ನೇ ಮೂಸುವುದು" ಅಂದರು. ಅದನ್ನು ನಾನು ಅಪ್ಪನಿಗೆ ಹೇಳಿದಾಗ ಅವನು ಏನೂ ಮಾತಾಡಲಿಲ್ಲ. ಮೀನನ್ನು ಜೋಪಾನವಾಗಿ ಇದ್ದ ಜಾಗದಲ್ಲೇ ಇಟ್ಟ.

ಒಳ್ಳೆಯ ದರ್ಜೆಯೆಲ್ಲ ಇಟಲಿಗೆ. 1432ರಲ್ಲಿ ಪಿಯೆತ್ರೊ ಕ್ವೆರಿನಿ ಎಂಬ ವೆನಿಸ್‌ನ ವ್ಯಾಪಾರಿ ಹಡಗು ಒಡೆದು ಈ ದ್ವೀಪಸಾಲಿನ ತುದಿಯ ರೋಸ್ಟ್ ಸೇರಿದ. ಅಲ್ಲಿಯ ಮೀನುಗಾರರು ಅವನನ್ನೂ ಜೊತೆಯವರನ್ನೂ ಉಳಿಸಿ ತಿಂಗಳುಗಟ್ಟಲೆ ಸಾಕಿದರು. ಅವನ ಕಥೆಯಿಂದಲೇ ಇಟಲಿಯವರಿಗೆ ಈ ಮೀನು ಪರಿಚಯವಾಯಿತು ಅಂತ ಎರಡೂ ಕಡೆಯವರು ಈಗಲೂ ಹೇಳುತ್ತಾರೆ. ತಲೆಗಳನ್ನು ಬೇರೆ ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಅವು ನೈಜೀರಿಯಾಕ್ಕೆ ಹೋಗುತ್ತವೆ, ಅಲ್ಲಿ ಸಾರಿಗೆ ರುಚಿ ಕೊಡಲು ಬೇಕು. "ಏನೂ ಬಿಸಾಡುದಿಲ್ಲ" ಅಂತ ಅಪ್ಪ ಮೆಚ್ಚಿಕೊಂಡ.

ಓ ಊರಿನಲ್ಲಿ ಒಣಮೀನಿನದೇ ಒಂದು ವಸ್ತುಸಂಗ್ರಹಾಲಯ ಇದೆ. ಜೂನ್‌ನಲ್ಲಿ ನೋಡಿದ್ದೆ. ಅಲ್ಲಿಯ 1844ರ ಹಳೆಯ ಬೇಕರಿಯ ದಾಲ್ಚಿನ್ನಿ ಬನ್ನನ್ನೂ ಬೇಸಿಗೆಯಲ್ಲಿ ಹೋದವರು ತಿನ್ನದೇ ಬರಬೇಡಿ. ಚಳಿಗಾಲದಲ್ಲಿ ಇಂಥ ಕಡೆ ಬಾಗಿಲು ಹಾಕಿರುವುದೇ ಜಾಸ್ತಿ, ಮೊದಲೇ ಕೇಳಿಕೊಂಡು ಹೋಗಿ. ನಾವು ರಸ್ತೆ ಮುಗಿಯುವ ಜಾಗದಿಂದ ಸ್ವಲ್ಪ ದೂರ ನಡೆದು ಕಡಲ ನಡುವಿನ ವಾರೋಯ್ ದ್ವೀಪ ನೋಡಿ ವಾಪಸ್ ಬಂದೆವು.

ನಾಲ್ಕನೇ ದಿನ: ಗಾಳಿ

ಇಡೀ ದಿನ ಬಿರುಗಾಳಿ. ಸೇತುವೆಗಳ ಮೇಲೆ ಕಾರು ಅಲುಗಾಡುವಷ್ಟು ಜೋರು. ಎಲ್ಲೂ ಹೋಗಲಿಲ್ಲ. ನಾರ್ವೆಯ ಹವಾಮಾನ ಇಲಾಖೆಯ ಆ್ಯಪ್ ಗಂಟೆ ಗಂಟೆಯ ಗಾಳಿ ತೋರಿಸುತ್ತದೆ, ಅದನ್ನು ನಂಬಿ.

ಹಿಂದಿನ ದಿನ ಸಂಜೆ ದಕ್ಕೆಯಲ್ಲಿ ಒಂದು ತಾಜಾ ಸ್ಕ್ರೈ ಕೊಂಡಿದ್ದೆವು. ಅಪ್ಪನೇ ಅಡುಗೆಗೆ ನಿಂತ. ಮೆಣಸು ನೆನೆಹಾಕಿ ಅರೆದು, ತೆಂಗಿನಹಾಲಿನ ಡಬ್ಬ ಒಡೆದು, ಮುರುಗಲು ಹಾಕಿ, ಕೊನೆಗೆ ಜಜ್ಜಿದ ಜುಮ್ಮನಕಾಯಿ. ಈ ಮೀನಿನ ಮಾಂಸ ಬೆಳ್ಳಗೆ, ಬೆಂದ ಮೇಲೆ ದಪ್ಪ ದಪ್ಪ ಪದರವಾಗಿ ಬಿಡಿಸಿಕೊಳ್ಳುತ್ತದೆ. ಜಾಸ್ತಿ ಕೈಯಾಡಿಸಿದರೆ ಪುಡಿಯಾಗುತ್ತದೆ. ಅಪ್ಪ ಸೌಟು ಮುಟ್ಟಿಸದೆ ಪಾತ್ರೆಯನ್ನೇ ತಿರುಗಿಸಿದ. ಸಸ್ಯಾಹಾರಿಗಳಿಗೆ ಈ ಕಡೆ ಹೋಟೆಲಿನಲ್ಲಿ ಆಯ್ಕೆ ಕಮ್ಮಿ. ಒಲೆ ಇರುವ ಬಿಡಾರ ಹಿಡಿದರೆ ಚಿಂತೆಯಿಲ್ಲ. ಅಕ್ಕಿ, ಬೇಳೆ, ತರಕಾರಿ ಲೆಕ್ನೆಸ್‌ನ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಬಂದ್ ಅನ್ನುವುದು ನೆನಪಿರಲಿ.

ರಾತ್ರಿ ಹತ್ತಕ್ಕೆ ಗಾಳಿ ಇಳಿಯಿತು. ಹನ್ನೊಂದಕ್ಕೆ ಮೋಡ ಹರಿದು ನಕ್ಷತ್ರ ಕಂಡವು. ಹೊರಗೆ ಬಂದು ನಿಂತೆವು. ಬೆಟ್ಟದ ಮೇಲೆ ತೆಳ್ಳಗೆ ಒಂದು ಪಟ್ಟಿ. ಅಪ್ಪ ಅದನ್ನು ಮೋಡ ಅಂದುಕೊಂಡ. ನಾನೂ ಸೆಪ್ಟೆಂಬರ್‌ನಲ್ಲಿ ಹಾಗೇ ಅಂದುಕೊಂಡಿದ್ದೆ. ಮೊದಲು ಅದು ಬೂದು ಬಣ್ಣದ್ದೇ. ನೋಡ್ತಾ ನೋಡ್ತಾ ಹಸಿರಾಯಿತು, ಅಗಲವಾಯಿತು. ಆಮೇಲೆ ಒಮ್ಮೆಲೇ ಅಲುಗಾಡಿತು. ಕಿಟಕಿಯ ಪರದೆಗೆ ಗಾಳಿ ಬಡಿದ ಹಾಗೆ, ಈ ಬೆಟ್ಟದಿಂದ ಆ ಬೆಟ್ಟಕ್ಕೆ. ಅಂಚಿನಲ್ಲಿ ಒಂದು ಕ್ಷಣ ಗುಲಾಬಿ. ಕೆಳಗಿನ ನೀರೂ ಹಸಿರು.

ಸೂರ್ಯನಿಂದ ಹೊರಟ ಕಣಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿ, ಧ್ರುವಗಳ ಬಳಿ ಗಾಳಿಯ ಅಣುಗಳಿಗೆ ಬಡಿದು ಈ ಬೆಳಕು ಬರುತ್ತದೆ, ನೂರು ಕಿಲೋಮೀಟರಿಗೂ ಮೇಲೆ. ಆಮ್ಲಜನಕದಿಂದ ಹಸಿರು. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್‌ಗಳ ಸುತ್ತ ಇದು ಹೆಚ್ಚು ಕಾಣುತ್ತದೆ. ಇದನ್ನೆಲ್ಲ ಅಪ್ಪನಿಗೆ ಹೇಳಬೇಕು ಅಂದುಕೊಂಡಿದ್ದೆ. ಆದರೆ ಅವನು ಕೈ ಮುಗಿದುಕೊಂಡು ನಿಂತಿದ್ದ. ಮಾತು ಬೇಡ ಅನ್ನಿಸಿತು. ಒಂದು ಗಂಟೆ ಹತ್ತಿರ ಚಳಿಯಲ್ಲಿ ಹಾಗೇ ಇದ್ದೆವು.

ಐದನೇ ದಿನ: ಬಿಳಿ ಮರಳು

ಬಿಸಿಲು ಬಿತ್ತು. ರಾಮ್‌ಬರ್ಗ್ ಬೀಚಿನಲ್ಲಿ ಬಿಳಿ ಮರಳು, ಅದರ ಮೇಲೆ ಬಿಳಿ ಹಿಮ, ಎರಡನ್ನೂ ತೊಳೆಯುವ ಹಸಿರು ತೆರೆ. ಗೋವಾ ಗೋಕರ್ಣ ನೋಡಿದ ಕಣ್ಣಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ನುಸ್‌ಫ್ಯೋರ್ಡ್ ಎಂಬ ಹಳೆಯ ಮೀನುಗಾರರ ಹಳ್ಳಿ ನೋಡಿದೆವು. ಆಮೇಲೆ ಕಡಲ ಕೆಳಗಿನ ಸುರಂಗದಲ್ಲಿ ಮುಂದಿನ ದ್ವೀಪಕ್ಕೆ.

ಬೋರ್ಗ್‌ನಲ್ಲಿ ವೈಕಿಂಗ್ ಮುಖಂಡನ ಮನೆಯನ್ನು ಮತ್ತೆ ಕಟ್ಟಿದ್ದಾರೆ. 1981ರಲ್ಲಿ ಒಬ್ಬ ರೈತ ಹೊಲ ಉಳುವಾಗ ಹಳೆಯ ಚೂರುಗಳು ಸಿಕ್ಕವು. ಅಗೆದಾಗ 83 ಮೀಟರ್ ಉದ್ದದ ಮನೆಯ ಗುರುತು ಸಿಕ್ಕಿತು. ಅಷ್ಟು ಉದ್ದದ ವೈಕಿಂಗ್ ಮನೆ ಬೇರೆಲ್ಲೂ ಸಿಕ್ಕಿಲ್ಲ. ನಮಗೆ ಹೊರಗಿನಿಂದ ನೋಡುವಷ್ಟೇ ಸಮಯ ಇತ್ತು.

ಸಂಜೆ ಉತ್ತಾಕ್ಲೈವ್. ಜೂನ್‌ನಲ್ಲಿ ಇದೇ ಬೀಚಿನಲ್ಲಿ ನಾನೂ ನನ್ನ ಗಂಡನೂ ನಡುರಾತ್ರಿ ಕೂತಿದ್ದೆವು. ಸೂರ್ಯ ಕೆಳಗಿಳಿದು, ಕಡಲನ್ನು ಇನ್ನೇನು ಮುಟ್ಟುತ್ತದೆ ಅನ್ನುವಾಗ ಪಕ್ಕಕ್ಕೆ ಜಾರಿ ಮತ್ತೆ ಮೇಲೇರಿತ್ತು. ಆವತ್ತು ಸುತ್ತ ನೂರಾರು ಜನ, ಡೇರೆಗಳು, ಗಿಟಾರ್. ಈಗ ನಾವಿಬ್ಬರು ಮತ್ತು ಕ್ಯಾಮೆರಾ ಹಿಡಿದ ಒಬ್ಬರು. ಅಪ್ಪ ಉರುಟು ಕಲ್ಲುಗಳ ಮೇಲೆ ಹುಷಾರಾಗಿ ಕಾಲಿಟ್ಟು ನೀರಿನವರೆಗೆ ಹೋದ. ಬಗ್ಗಿ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. "ಉಪ್ಪು ಇಲ್ಲೂ ಇದೆ" ಅಂದ.

ಆರನೇ ದಿನ: ಹೆನ್ನಿಂಗ್ಸ್‌ವಾರ್, ಕಾಬೆಲ್ವೋಗ್, ಸ್ವೋಲ್ವಾರ್

ಹೆನ್ನಿಂಗ್ಸ್‌ವಾರ್‌ನ ಫುಟ್‌ಬಾಲ್ ಮೈದಾನದ ಫೋಟೊ ನೀವು ನೋಡಿರುತ್ತೀರಿ, ಕಡಲ ನಡುವಿನ ಬಂಡೆಯ ಮೇಲೆ ಹಸಿರು ಚೌಕ. ನಾವು ಹೋದಾಗ ಅದರ ಮೇಲೆಲ್ಲ ಹಿಮ, ಸುತ್ತಲೂ ಮೀನಿನ ಚಪ್ಪರ. ಫೋಟೊದಲ್ಲಿ ಬರದೇ ಇರುವುದು ವಾಸನೆ. ನನಗೆ ಅದು ಮನೆಯ ವಾಸನೆ.

ದಕ್ಕೆಯ ಒಂದು ಶೆಡ್ಡಿನಲ್ಲಿ ಹತ್ತು ಹನ್ನೆರಡು ವರ್ಷದ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಮೀನಿನ ತಲೆಗಳ ರಾಶಿ ಮುಂದೆ ನಿಂತಿದ್ದರು. ಹಲಗೆಗೆ ಜೋಡಿಸಿದ ಕಬ್ಬಿಣದ ಮೊಳೆಗೆ ತಲೆ ಚುಚ್ಚಿ, ಒಂದೇ ಏಟಿಗೆ ನಾಲಿಗೆ ಕೊಯ್ದು ಬಕೆಟಿಗೆ ಹಾಕುವುದು. ಕಾಡ್ ಮೀನಿನ ನಾಲಿಗೆ ಇಲ್ಲಿ ಬಹಳ ಇಷ್ಟದ ತಿನಿಸು. ಅದನ್ನು ಕೊಯ್ದು ಮಾರುವುದು ತಲೆತಲಾಂತರದಿಂದ ಮಕ್ಕಳ ಕೆಲಸ, ಹಣವೂ ಅವರದ್ದೇ. ಶಾಲೆ ಬಿಟ್ಟ ಮೇಲೆ ಬರುತ್ತಾರೆ. ಸಿಗಡಿ ಸಿಪ್ಪೆ ಬಿಡಿಸಿ ನಾನು ಕಂಪಾಸು ಪೆಟ್ಟಿಗೆ ಕೊಂಡದ್ದು ನೆನಪಾಯಿತು.

ಕಾಬೆಲ್ವೋಗ್‌ನಲ್ಲಿ 1898ರ ಮರದ ದೊಡ್ಡ ಚರ್ಚ್ ಇದೆ. 1200 ಜನ ಕೂರಬಹುದು. ಊರು ಅಷ್ಟು ದೊಡ್ಡದಲ್ಲ. ಮೀನಿನ ಕಾಲದಲ್ಲಿ ಸಾವಿರಾರು ಜನ ಬಂದು ಸೇರುತ್ತಿದ್ದರಲ್ಲ, ಅವರಿಗಾಗಿ ಕಟ್ಟಿದ್ದು.

ಸ್ವೋಲ್ವಾರ್ ಬಂದರಿನ ಬಾಯಿಯಲ್ಲಿ ಒಂದು ಹೆಂಗಸಿನ ಪ್ರತಿಮೆ ಇದೆ, ಮೀನುಗಾರನ ಹೆಂಡತಿ. ಕಡಲಿನ ಕಡೆ ಮುಖ ಮಾಡಿ ಕೈ ಎತ್ತಿ ನಿಂತಿದ್ದಾಳೆ. ದೋಣಿಗಳು ಹೋಗುವುದೂ ಬರುವುದೂ ಅವಳ ಮುಂದೆಯೇ. ಅಪ್ಪ ಅದನ್ನು ನೋಡಿ ಟೋಪಿ ತೆಗೆದ. ಅಜ್ಜ ಬಲೆಗೆ ಹೋದ ದಿನ ಗಾಳಿ ಎದ್ದರೆ ಅಜ್ಜಿ ಅಳಿವೆ ಬಾಯಿಗೆ ಹೋಗಿ ಲಾಟೀನು ಹಿಡಿದು ನಿಲ್ಲುತ್ತಿದ್ದಳಂತೆ. ಈ ಕಥೆ ನನಗೆ ಗೊತ್ತಿರಲಿಲ್ಲ. ಆ ದಕ್ಕೆಯ ಮೇಲೆ, ಗಾಳಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಅಪ್ಪ ಅದನ್ನು ಮೊದಲ ಸಲ ಹೇಳಿದ.

ಏಳನೇ ದಿನ: ವಾಪಸ್

ಹಿಂತಿರುಗುವಾಗ ಮತ್ತೆ ಆ ಫೆರಿಯನ್ನು ನಂಬಿಕೊಳ್ಳಲಿಲ್ಲ. 2007ರಲ್ಲಿ ತೆರೆದ ಹೊಸ ರಸ್ತೆಯಿಂದ ಲೋಫೋಟೆನ್ ಈಗ ಫೆರಿ ಇಲ್ಲದೆಯೇ ಮುಖ್ಯ ಭೂಭಾಗಕ್ಕೆ ಸೇರಿಕೊಂಡಿದೆ. ಅದರಲ್ಲಿ ಲೋಡಿಂಗೆನ್‌ವರೆಗೆ ಹೋಗಿ, ಅಲ್ಲಿಂದ ಒಂದು ಗಂಟೆಯ ಸಣ್ಣ ಫೆರಿ, ಆಮೇಲೆ ಬೋಡೋವರೆಗೆ ರಸ್ತೆ. ದಿನವಿಡೀ ಹಿಡಿಯಿತು. ಮೊಳೆ ಇರುವ ಚಕ್ರ ಹಾಕಿದ ಕಾರಾದ್ದರಿಂದ ಹಿಮದ ತಿರುವುಗಳಲ್ಲೂ ಭಯವಾಗಲಿಲ್ಲ. ಕಾರು ಬಾಡಿಗೆಗೆ ಹಿಡಿಯುವಾಗ ಅದೊಂದನ್ನು ಕೇಳಿಯೇ ಹಿಡಿಯಿರಿ.

ಅಪ್ಪನ ಚೀಲದಲ್ಲಿ ಆ ಹಿರಿಯರು ಕೊಟ್ಟ ಒಂದು ಜೋಡಿ ಒಣಮೀನು ಇತ್ತು, ಮೂರು ಸುತ್ತು ಪ್ಲಾಸ್ಟಿಕ್ ಹಾಕಿ ಕಟ್ಟಿದ್ದು. ಊರಿಗೆ ಹೋಗಿ ಒಂದು ವಾರ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಸಾರು ಮಾಡಿ ಅಕ್ಕಪಕ್ಕದವರಿಗೆಲ್ಲ ಬಡಿಸಿದನಂತೆ.

ಮೇ ಕೊನೆಯ ವಾರ ಫೋನ್ ಮಾಡಿದ. ಟೊಂಕದಲ್ಲಿ ಮೋಡ ಕಟ್ಟಿದೆ, ಮರಳ ಮೇಲಿನ ಮೀನನ್ನೆಲ್ಲ ಬಾಚಿ ಗೋಣಿಗೆ ತುಂಬುತ್ತಿದ್ದಾರೆ, ಜೂನ್ ಒಂದರಿಂದ 61 ದಿನ ಬೋಟು ಬಂದ್ ಅಂದ. ಆಮೇಲೆ ಕೇಳಿದ, "ಅಲ್ಲಿ ಇಳಿಸಿದ್ರಾ?"

ಆ ಹಿರಿಯರಿಗೆ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಚಿತ್ರ ಬಂತು. ಅರ್ಧ ಚಪ್ಪರ ಖಾಲಿ, ಕೆಳಗೆ ಟ್ರಾಕ್ಟರಿನ ಗಾಡಿಯ ತುಂಬ ಒಣಗಿದ ಮೀನು. ಅದನ್ನೇ ಅಪ್ಪನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಮತ್ತೆ ಫೋನ್.

"ಕುತ್ತಿಗೆ ಹತ್ರ ಒಣಗಿದ್ಯಾ ಕೇಳು ಮಗಾ."